ಬೋನ್ ಆಸ್ಪತ್ರೆಯ ವೈನ್: ಪೀಪಾಯಿಯಿಂದ ಪೆಟ್ಟಿಗೆಗೆ

ಉತ್ತಮ ವೈನನ್ನು ಪೆಟ್ಟಿಗೆ ಲೆಕ್ಕದಲ್ಲಿ ಕೊಳ್ಳುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಪೆಟ್ಟಿಗೆಯೆಂದರೆ ಸಾಮಾನ್ಯವಾಗಿ 750 ಮಿಲಿಲೀಟರಿನ 12 ಬಾಟಲಿ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣದಲ್ಲಿ ಹೀಗೆ ಕೊಂಡವರ ಹಣ ಆಸ್ಪತ್ರೆಗೆ ಸೇರುತ್ತದೆ.

1443ರಲ್ಲಿ ನಿಕೊಲಾ ರೊಲಾಂ ಮತ್ತು ಅವರ ಪತ್ನಿ ಗೀಗೋನ್ ಬಡರೋಗಿಗಳಿಗಾಗಿ ಈ ಆಸ್ಪತ್ರೆಯನ್ನು ಸ್ಥಾಪಿಸಿದರು. ಧರ್ಮಭಗಿನಿಯರು ಶತಮಾನಗಳ ಕಾಲ ಅಲ್ಲಿ ರೋಗಿಗಳ ಸೇವೆ ಮಾಡಿದರು. ದಾನಿಗಳು ಬರೆದುಕೊಟ್ಟ ದ್ರಾಕ್ಷಿ ತೋಟಗಳು ಇಂದು ಸುಮಾರು 60 ಹೆಕ್ಟೇರ್ ಇವೆ. ಅವುಗಳ ವೈನ್ 1859ರಿಂದ ಹರಾಜಾಗುತ್ತಿದ್ದು, ನವೆಂಬರಿನ ಮೂರನೆಯ ಭಾನುವಾರ ಅದಕ್ಕೆ ಮೀಸಲು.

ಹರಾಜಾಗುವುದು ಪೆಟ್ಟಿಗೆಯಲ್ಲ, 228 ಲೀಟರಿನ ಪೀಪಾಯಿ. ಆವಿಯಾದದ್ದು, ಅಡಿಯ ಗಸಿ ಕಳೆದರೆ ಸುಮಾರು 288 ಬಾಟಲಿ, ಅಂದರೆ 24 ಪೆಟ್ಟಿಗೆ. ಒಂದು ಮನೆಗೆ ಇಷ್ಟೇಕೆ? ಆದ್ದರಿಂದ ಗೆಳೆಯರು ಸೇರಿ ಹಂಚಿಕೊಳ್ಳುತ್ತಾರೆ, ಇಲ್ಲವೇ ವರ್ತಕರ ಮೂಲಕ ಒಂದೆರಡು ಪೆಟ್ಟಿಗೆ ಕಾದಿರಿಸುತ್ತಾರೆ.

ಇಲ್ಲಿ ಎಚ್ಚರ ಬೇಕು. ಆಗ ವೈನಿಗೆ ಇನ್ನೂ ಕೆಲವೇ ವಾರಗಳ ವಯಸ್ಸು. ಮುಂದೆ ಹೇಗಾಗುವುದೆಂದು ಅನುಭವಿಗಳೂ ಊಹಿಸಬೇಕಷ್ಟೆ. ಕೂಗಿದ ಬೆಲೆಯೂ ಕೊನೆಯದಲ್ಲ. ಹರಾಜು ಶುಲ್ಕ, ಬರ್ಗಂಡಿಯ ವರ್ತಕರೇ ಪೀಪಾಯಿಯಲ್ಲಿ ಪಕ್ವಗೊಳಿಸಿ ಬಾಟಲಿಗೆ ತುಂಬುವ ಖರ್ಚು, ತೆರಿಗೆ, ಸಾಗಾಟ ಎಲ್ಲವೂ ಸೇರುತ್ತವೆ. ಮುಂಗಡ ಕೊಡುವ ಮೊದಲು ಮನೆಬಾಗಿಲಿಗೆ ಬರುವಾಗ ಬಾಟಲಿಗೆ ಎಷ್ಟಾಗುವುದೆಂದು ಬರಹದಲ್ಲಿ ಕೇಳಿ ಪಡೆಯಬೇಕು. ಮಾರಿ ಲಾಭ ಮಾಡಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಕೊಡುವ ಹೆಚ್ಚಿನ ಹಣವನ್ನು ದಾನವೆಂದೇ ಎಣಿಸಬೇಕು.

ಬಾಟಲಿಗಳು ಕೈಸೇರಲು ಒಂದೆರಡು ವರ್ಷ ಹಿಡಿಯುತ್ತದೆ. ಬಯಸಿದರೆ ಲೇಬಲಿನ ಮೇಲೆ ಕೊಂಡವರ ಹೆಸರನ್ನೂ ಅಚ್ಚು ಹಾಕಿಸಿಕೊಡುತ್ತಾರೆ.