ಡಬ್ಲ್ಯೂ ತಂದ ಫಜೀತಿ

ಗೌರಿ ಅನ್ನುವ ನನ್ನ ಹೆಸರಿಗೆ ಕನ್ನಡದಲ್ಲಿ ಎರಡೇ ಅಕ್ಷರ ಸಾಕು. ಇಂಗ್ಲಿಷಿನಲ್ಲಿ ಮಾತ್ರ ರಾಮಾಯಣ! ಹೈಸ್ಕೂಲಿನ ಮಾರ್ಕ್ಸ್ ಕಾರ್ಡಿನಲ್ಲಿ ಜಿ, ಓ, ಡಬ್ಲ್ಯೂ ಹಾಕಿ ಬರೆದಿದ್ದಾರೆ. ಅಪ್ಪಯ್ಯ ಬ್ಯಾಂಕಿನ ಖಾತೆಗೆ ನನ್ನನ್ನು ನಾಮಿನಿ ಮಾಡಿದಾಗ ಯಾರೋ ಜಿ, ಎ, ಯು ಅಂತ ಬರೆದರು. ಅಪ್ಪಯ್ಯ ತೀರಿಕೊಂಡ ಮೇಲೆ ಹಣ ಕೇಳಲು ಹೋದರೆ, "ಇಬ್ಬರೂ ಒಬ್ಬರೇ ಅಂತ ಏನಮ್ಮಾ ಪುರಾವೆ?" ಅಂದರು. ಅಫಿಡವಿಟ್ಟಿಗಾಗಿ ಹಳ್ಳಿಯಿಂದ ಸಾಗರಕ್ಕೆ ಮೂರು ಸಲ ಬಸ್ಸು ಹತ್ತಿದೆ. ಅಷ್ಟರಲ್ಲಿ ಅಮ್ಮನ ಔಷಧಿಗೆ ನನ್ನ ಬಳೆ ಅಡವಿಡಬೇಕಾಯ್ತು.

ಈ ಡಬ್ಲ್ಯೂ ಎಲ್ಲಿಂದ ವಕ್ಕರಿಸಿತು ಅಂತ ಸಿಟ್ಟಿನಲ್ಲೇ ಮಗಳನ್ನು ಕೇಳಿದೆ. ಅವಳು ಕಾಲೇಜಿನ ಲೈಬ್ರರಿಯಿಂದ ಪುಸ್ತಕ ತಂದು ಓದಿ ಹೇಳಿದಳು. ಕೇಳುತ್ತಾ ಕೂತವಳಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಸೋದರಿಯರೇ, ಇಂಗ್ಲಿಷಿನ ಅಕ್ಷರಗಳು ಇಂಗ್ಲಿಷರ ಸ್ವಂತದ್ದಲ್ಲ! ಸುಮಾರು 3,800 ವರ್ಷಗಳ ಹಿಂದೆ ಈಜಿಪ್ಟಿನ ಚಿತ್ರಲಿಪಿ ನೋಡಿ ಸೆಮಿಟಿಕ್ ಭಾಷೆಯ ಜನ ಸರಳ ಗುರುತುಗಳನ್ನು ಮಾಡಿಕೊಂಡರು. ಮುಂದೆ ಫಿನೀಷಿಯದವರಿಂದ ಗ್ರೀಕರು, ಅವರಿಂದ ಇಟಲಿಯ ಎಟ್ರುಸ್ಕನ್ನರು, ಅವರಿಂದ ರೋಮನ್ನರು ಕಲಿತರು. 'ಎ' ಅಂದರೆ ಎತ್ತಿನ ತಲೆ. ದೊಡ್ಡದಾಗಿ ಬರೆದು ಕಾಗದ ತಲೆಕೆಳಗು ಮಾಡಿ, ಎರಡು ಕೊಂಬು ಕಾಣುತ್ತವೆ. ದಿನಾ ಕೊಟ್ಟಿಗೆ ಕೆಲಸ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲವಲ್ಲ! 'ಬಿ' ಮನೆ, 'ಎಂ' ನೀರಿನ ಅಲೆ, 'ಓ' ಕಣ್ಣು. ಐದನೇ ಕ್ಲಾಸಿನಲ್ಲಿ ಬೆತ್ತದ ಹೆದರಿಕೆಗೆ ಉರು ಹೊಡೆದದ್ದಷ್ಟೇ ನಮ್ಮ ಭಾಗ್ಯ.

ಭಾಷೆ ಬೇರೆ, ಲಿಪಿ ಬೇರೆ ಅನ್ನುವುದು ಮಲೆನಾಡಿಗೇನೂ ಹೊಸದಲ್ಲ. ನಮ್ಮ ಹಿರಿಯರು ಸಂಸ್ಕೃತವನ್ನು ತಿಗಳಾರಿ ಲಿಪಿಯಲ್ಲಿ ಬರೆಯುತ್ತಿದ್ದರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಆ ಲಿಪಿಯ ತಾಳೆಗರಿಗಳಿವೆ.

ಲ್ಯಾಟಿನ್ನಿಗೆ ಇದ್ದದ್ದು 23 ಅಕ್ಷರ. 'ಉ'ಕಾರಕ್ಕೂ 'ವ'ಕಾರಕ್ಕೂ ಒಂದೇ ಗುರುತು. ಅದು ಸಾಲದೆ ಇಂಗ್ಲಿಷಿನವರು ಎರಡು 'ಯು' ಅಕ್ಕಪಕ್ಕ ಬರೆದರು. ಅದೇ ಡಬಲ್ ಯು! ನಡುವೆ ಕೆಲವು ಶತಮಾನ ರೂನ್ ಲಿಪಿಯ ಅಕ್ಷರವೊಂದನ್ನು ಬಳಸಿದರೂ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಜೋಡಿ 'ಯು' ಮರಳಿ ಬಂತು. ಅಂದರೆ ನನ್ನ ಎರಡು ಸ್ಪೆಲಿಂಗಿನ ಯು, ಡಬ್ಲ್ಯೂ ಒಂದೇ ತಾಯಿಯ ಮಕ್ಕಳು. ಬ್ಯಾಂಕಿನವರಿಗೆ ಹೇಳೋರು ಯಾರು?

ನಮ್ಮ ಜೋಗದ 'ಜೆ' ಇನ್ನೂ ಕಿರಿಯದು, 'ಐ'ಗೆ ಬಾಲ ಬೆಳೆದು ಆದದ್ದು. 1611ರ ಇಂಗ್ಲಿಷ್ ಬೈಬಲಿನಲ್ಲಿ ಜೇಮ್ಸ್ ದೊರೆಯ ಹೆಸರನ್ನೇ 'ಐ' ಹಾಕಿ ಅಚ್ಚು ಮಾಡಿದ್ದಾರೆ. ದೊರೆಯನ್ನು ಯಾರೂ ಅಫಿಡವಿಟ್ಟು ಕೇಳಿರಲಿಕ್ಕಿಲ್ಲ!

26 ಅಕ್ಷರದಲ್ಲಿ ನಮ್ಮ ತ, ಥ, ಟ, ಠ ಎಲ್ಲ ಹಿಡಿಸಬೇಕು. ತೀರ್ಥಹಳ್ಳಿಯನ್ನು ಒಬ್ಬರು ಬರೀ 'ಟಿ'ಯಿಂದ ಬರೆದರೆ ಇನ್ನೊಬ್ಬರು 'ಎಚ್' ಸೇರಿಸುತ್ತಾರೆ. ಶಿಮೊಗ ಅಂತಿದ್ದ ಇಂಗ್ಲಿಷ್ ಹೆಸರನ್ನು ಸರ್ಕಾರ 2014ರ ರಾಜ್ಯೋತ್ಸವದ ದಿನ ಶಿವಮೊಗ್ಗ ಅಂತ ತಿದ್ದಿತು. ಊರಿಗಾದರೆ ಸರ್ಕಾರವಿದೆ, ನಮಗೆ ಛಾಪಾಕಾಗದವೇ ಗತಿ.

ಕಡೆಗೂ ಹಣ ಬಂತು, ಬಳೆ ಬಿಡಿಸಿಕೊಂಡೆ. ಮೊನ್ನೆ ಟ್ರಂಕು ತೆಗೆದು ಮನೆಯವರೆಲ್ಲರ ಕಾಗದ ಜೋಡಿಸಿ ನೋಡಿದೆ. ಮಗಳದ್ದು ಸರಿಯಿತ್ತು. ಯಜಮಾನರ ಹೆಸರು ಮೂರು ಕಡೆ ಮೂರು ಥರ!