'ಗಂಡಸಿಗೂ ಹಂಗಾಗುತ್ತಾ?': ನುಗ್ಗೇಹಳ್ಳಿಯ ಪ್ರಶ್ನೆ, ಕಾನೂನಿನ ಮೌನ

2024ರ ಜೂನ್ ಕೊನೆಯ ವಾರ. ನುಗ್ಗೇಹಳ್ಳಿಯ ಟೀ ಅಂಗಡಿಯಲ್ಲಿ ಚನ್ನರಾಯಪಟ್ಟಣದ ಬಸ್ಸಿಗೆ ಕಾಯ್ತಾ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ನಾಲ್ಕು ಜನ ಒಂದೇ ಮೊಬೈಲ್ ಮೇಲೆ ಬಗ್ಗಿಕೊಂಡು ನಗ್ತಿದ್ದರು. ಎರಡು ತಿಂಗಳ ಹಿಂದೆ ಪೆನ್‌ಡ್ರೈವ್ ಸುದ್ದಿ ಬಂದಾಗ ಇದೇ ಬೆಂಚಿನಲ್ಲಿ 'ಜಿಲ್ಲೆಯ ಮಾನ ಹೋಯ್ತು' ಅನ್ನುವ ಮಾತಿತ್ತು. ಈ ಸಲ ದೂರು ಕೊಟ್ಟವನು ಗಂಡಸು, ಹಾಗಾಗಿ ನಗು. "ಸಾರ್, ನೀವು ಪೇಪರ್‌ನೋರು ಹೇಳಿ, ಗಂಡಸಿಗೂ ಹಂಗಾಗುತ್ತಾ?" ಅಂತ ಒಬ್ಬರು ಕೇಳಿದರು. "ಆಗುತ್ತಣ್ಣ" ಅಂದೆ. ನಗು ಇನ್ನೂ ಜಾಸ್ತಿಯಾಯಿತು.

ಹೊರಗಿನವರಿಗೆ ಹಿನ್ನೆಲೆ ಇಷ್ಟು. ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ವಿರುದ್ಧ ಮಹಿಳೆಯರು ದೂರು ಕೊಟ್ಟರು. ಮೇ 30ರಂದು ಮಹಿಳಾ, ದಲಿತ, ರೈತ ಸಂಘಟನೆಗಳು 'ಹಾಸನ ಚಲೋ' ನಡೆಸಿದವು. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇದರ ನಡುವೆ, 2024ರ ಜೂನ್ 23ರಂದು, ಅವರ ಅಣ್ಣ, ವಿಧಾನ ಪರಿಷತ್ ಸದಸ್ಯ ಸೂರಜ್ ರೇವಣ್ಣ ಬಂಧನವಾಯಿತು. ಪಕ್ಷದ ಒಬ್ಬ ಯುವ ಕಾರ್ಯಕರ್ತನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರು ಎಂಬುದು ದೂರು. ಸೂರಜ್ ಅದನ್ನು ನಿರಾಕರಿಸಿದರು, ಮುಂದೆ ಜಾಮೀನೂ ಸಿಕ್ಕಿತು. ಆರೋಪ ನಿಜವೋ ಸುಳ್ಳೋ ಎಂಬುದು ನನ್ನ ವಿಷಯವಲ್ಲ. ನನ್ನ ವಿಷಯ ಎಫ್‌ಐಆರ್‌ನಲ್ಲಿದ್ದ ಸೆಕ್ಷನ್: ಐಪಿಸಿ 377.

ಹೌದು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಬೆಂಗಳೂರಿನಲ್ಲಿ ಬಣ್ಣದ ಬಾವುಟ ಹಿಡಿದು ಕುಣಿದೆವಲ್ಲ, ಅದೇ 377. ಕೋರ್ಟ್ ಅದನ್ನು ಪೂರ್ತಿ ತೆಗೆದಿರಲಿಲ್ಲ. ವಯಸ್ಕರ ಒಪ್ಪಿತ ಸಂಬಂಧವನ್ನಷ್ಟೇ ಅದರಿಂದ ಹೊರಗಿಟ್ಟಿತ್ತು. ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಸೆಕ್ಷನ್ ಹಾಗೇ ಉಳಿಯಿತು, ಶಿಕ್ಷೆ ಜೀವಾವಧಿಯವರೆಗೂ ಇತ್ತು. ಅತ್ಯಾಚಾರದ ಸೆಕ್ಷನ್ 'ಗಂಡಸು ಹೆಂಗಸಿನ ಮೇಲೆ' ಎಂದೇ ಬರೆದಿರುವುದರಿಂದ, ದೌರ್ಜನ್ಯಕ್ಕೊಳಗಾದ ಗಂಡಸಿಗೆ, ಎಷ್ಟೋ ಟ್ರಾನ್ಸ್ ಜನರಿಗೆ ಉಳಿದಿದ್ದ ಗಟ್ಟಿ ಬಾಗಿಲು ಅದೊಂದೇ. ನಮ್ಮನ್ನು ಒಂದೂವರೆ ಶತಮಾನ ಹೆದರಿಸಿದ ಕಾನೂನೇ ಕೊನೆಯ ಆಸರೆಯೂ ಆಗಿತ್ತು. ನಾನೂ ಆಗ ಇದನ್ನು ಗಮನಿಸಿರಲಿಲ್ಲ.

ಹೊಳೆನರಸೀಪುರದ ಆ ಎಫ್‌ಐಆರ್ ದಾಖಲಾಗಿ ಹತ್ತು ದಿನವೂ ಆಗಿರಲಿಲ್ಲ, ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲಿ 377 ಇಲ್ಲ. ಒಪ್ಪಿತ ಸಂಬಂಧದ ಭಾಗವೂ ಇಲ್ಲ, ಬಲವಂತದ ಭಾಗವೂ ಇಲ್ಲ. ಒಪ್ಪಿಗೆಯಿಲ್ಲದ ಕೃತ್ಯಕ್ಕೆ ಅದನ್ನು ಉಳಿಸಿಕೊಳ್ಳಿ ಅಂತ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲೇ ಹೇಳಿತ್ತು, ಸರ್ಕಾರ ಕೇಳಲಿಲ್ಲ. 18 ತುಂಬದ ಹುಡುಗನಿಗೆ ಪೋಕ್ಸೊ ಇದೆ. 18 ತುಂಬಿದ ಮರುದಿನ ಅದೂ ಇಲ್ಲ.

ಟ್ರಾನ್ಸ್ ಮಹಿಳೆಗೆ? 2019ರ ಕಾಯ್ದೆಯ ಸೆಕ್ಷನ್ 18 ಇದೆ. ಲೈಂಗಿಕ ದೌರ್ಜನ್ಯವೂ ಸೇರಿದಂತೆ ಹಲವು ಅಪರಾಧಗಳಿಗೆ ಶಿಕ್ಷೆ 6 ತಿಂಗಳಿಂದ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ. ಅದೇ ಹಿಂಸೆಗೆ ಈ ಅಂತರವನ್ನು ಸಂಸತ್ತೇ ಬರೆದಿಟ್ಟಿದೆ. ಟ್ರಾನ್ಸ್ ಮಹಿಳೆಯೂ 'ಮಹಿಳೆ'ಯೇ ಎಂದು ವರದಕ್ಷಿಣೆ ಕಿರುಕುಳದ ಸೆಕ್ಷನ್ ವಿಚಾರದಲ್ಲಿ ಆಂಧ್ರ ಹೈಕೋರ್ಟ್ 2025ರ ಜೂನ್‌ನಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಅರಸೀಕೆರೆ ರೈಲ್ವೆ ಸ್ಟೇಷನ್‌ನಲ್ಲಿ ಭಿಕ್ಷೆ ಎತ್ತುವ ಒಬ್ಬರು ರಾತ್ರಿ ಠಾಣೆಗೆ ಹೋದರೆ, ಆ ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಾ?

ಇಲ್ಲಿಗೆ ಬಂದಾಗ ಕ್ವಿಯರ್ ಗೆಳೆಯರ ಬೆರಳು ಮಹಿಳಾ ಚಳವಳಿಯ ಕಡೆ ತಿರುಗುತ್ತದೆ: 'ನೀವೇ ಅಡ್ಡ ಬಂದಿರಿ.' ಇದು ಅರ್ಧ ಸತ್ಯ. ದೆಹಲಿ ಪ್ರಕರಣದ ನಂತರ, 2013ರ ಜನವರಿಯಲ್ಲಿ ವರ್ಮಾ ಸಮಿತಿ ಹೇಳಿದ್ದು, ಸಂತ್ರಸ್ತರು ಯಾವ ಲಿಂಗದವರೂ ಆಗಿರಬಹುದು, ಆರೋಪಿ ಮಾತ್ರ ಗಂಡಸು ಎಂದಿರಲಿ ಅಂತ. ಎಷ್ಟೋ ಮಹಿಳಾ ಸಂಘಟನೆಗಳು, ಕ್ವಿಯರ್ ಗುಂಪುಗಳು ಸೇರಿ ಕೇಳಿದ್ದೂ ಅದನ್ನೇ. ಫೆಬ್ರವರಿಯ ಸುಗ್ರೀವಾಜ್ಞೆ ಆರೋಪಿಯನ್ನೂ 'ವ್ಯಕ್ತಿ' ಮಾಡಿಬಿಟ್ಟಿತು. ಆಗ ಮಹಿಳೆಯರು ಸಿಡಿದೆದ್ದರು. ದೂರು ಕೊಟ್ಟ ಹೆಂಗಸಿನ ಮೇಲೇ ಪ್ರತಿದೂರು ಹಾಕಲು ಬಲಾಢ್ಯರಿಗೆ ಅದು ಸಾಕಿತ್ತು. ಹಾಸನದ ರಾಜಕೀಯ ಬಲ್ಲವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಸಂಸತ್ತಿನ ಕಾಯ್ದೆ ಬಂದಾಗ ಆರೋಪಿ ಮತ್ತೆ ಗಂಡಸಾದ, ಜೊತೆಗೆ ಸಂತ್ರಸ್ತೆಯೂ ಮತ್ತೆ ಹೆಂಗಸು ಮಾತ್ರ ಆದಳು. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು.

ನನ್ನ ತಕರಾರು ಇರುವುದು ನಂತರದ ವರ್ಷಗಳ ಬಗ್ಗೆ. ಸಿಕ್ಕ ಅರ್ಧ ಮಹಿಳೆಯರದ್ದಾಗಿತ್ತು, ಉಳಿದ ಅರ್ಧ ಹಕ್ಕೊತ್ತಾಯದ ಪಟ್ಟಿಯಲ್ಲಿ ಕೆಳಗೆ ಕೆಳಗೆ ಜಾರಿತು. ಯಾರದ್ದೂ ದುರುದ್ದೇಶವಲ್ಲ. ಮರೆತರೂ ತಮಗೇನೂ ಆಗದ ಜಾಗದಲ್ಲಿ ಅವರಿದ್ದರು ಅಷ್ಟೆ. ಇದೇ ಮಾತು ನಗರದ ಗೇ ಗಂಡಸರಿಗೂ ಅನ್ವಯಿಸುತ್ತದೆ. 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಕರ್ನಾಟಕದ ಅಕ್ಕೈ ಪದ್ಮಶಾಲಿ ಇದ್ದರು. ಮರುವರ್ಷ ಟ್ರಾನ್ಸ್ ಕಾಯ್ದೆಯ ವಿರುದ್ಧ ಸಮುದಾಯದವರು ಬೀದಿಗೆ ಬಂದಾಗ, ತೀರ್ಪಿನ ದಿನ ಕುಣಿದ ಎಷ್ಟು ಜನ ಹೋಗಿದ್ದೆವು? ನಾನು ಹೋಗಿರಲಿಲ್ಲ. ಅವತ್ತು ಸಾಫ್ಟ್‌ವೇರ್ ಕೆಲಸ, ರಜೆ ಸಿಗಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಹಾಗಂತ ಇವರೆಲ್ಲ ಒಟ್ಟಿಗೆ ನಿಂತದ್ದೇ ಇಲ್ಲ ಅಂದರೆ ತಪ್ಪಾಗುತ್ತದೆ. 2008ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗಿರಿನಗರದಲ್ಲಿ ಐವರು ಹಿಜ್ರಾಗಳನ್ನು ಪೊಲೀಸರು ಹಿಡಿದರು. ಬಿಡಿಸಲು ಹೋದ ಸಂಗಮ ಸಂಸ್ಥೆಯವರನ್ನೂ ಬಂಧಿಸಿದರು. ಅದನ್ನು ಪ್ರಶ್ನಿಸಲು ಬನಶಂಕರಿ ಠಾಣೆ ಮುಂದೆ ಸೇರಿದ ಹಲವು ಚಳವಳಿಗಳ ಹತ್ತಾರು ಜನ ಏಟು ತಿಂದು ಒಳಗೆ ಕೂತರು. ಆ ರಾತ್ರಿ ಯಾರು ಹೆಚ್ಚು ನೊಂದವರು ಎಂಬ ಲೆಕ್ಕ ಯಾರೂ ಹಾಕಿರಲಾರರು.

ಈಗ ಕೇಳಬೇಕಾದ್ದು ಹೊಸದೇನಲ್ಲ, 2013ರ ಆ ಉಳಿದ ಅರ್ಧವೇ. ಸಂಹಿತೆಯ ಸೆಕ್ಷನ್ 63ರಲ್ಲಿ ಸಂತ್ರಸ್ತರ ಜಾಗದಲ್ಲಿ 'ವ್ಯಕ್ತಿ' ಎಂದಾಗಬೇಕು, ಆರೋಪಿಯ ಜಾಗ ಮುಟ್ಟಬಾರದು. ಹೆಣ್ಣು ಹೆಣ್ಣಿನ ಮೇಲೆ ಎಸಗುವ ಹಿಂಸೆಗೆ ಇದರಲ್ಲಿ ಉತ್ತರವಿಲ್ಲ ಅನ್ನುವ ಕ್ವಿಯರ್ ಹೆಣ್ಣುಮಕ್ಕಳ ಮಾತು ಸರಿಯೇ. ಅದಕ್ಕೆ ಪ್ರತ್ಯೇಕ ಸೆಕ್ಷನ್ ಬೇಕು ಅನ್ನುವುದು ನನ್ನ ಅನಿಸಿಕೆ, ಜಗಳ ಮುಂದುವರಿಯಲಿ. ಸೆಕ್ಷನ್ 18ರ ಎರಡು ವರ್ಷ ಮಾತ್ರ ಹೋಗಲೇಬೇಕು.

ಇನ್ನೊಂದು ಸಂಗತಿ ಕಡಿಮೆ ಜನರಿಗೆ ಗೊತ್ತು. ಅತ್ಯಾಚಾರ ಸಂತ್ರಸ್ತೆಯ ಹೆಸರು, ಗುರುತು ಪ್ರಕಟಿಸುವುದು ಅಪರಾಧ. ಪೆನ್‌ಡ್ರೈವ್ ಕಾಲದಲ್ಲಿ ವಿಡಿಯೊ ಹಂಚಬೇಡಿ ಅಂತ ಮಹಿಳಾ ಸಂಘಟನೆಗಳು ಗಂಟಲು ಹರಿದುಕೊಂಡದ್ದಕ್ಕೆ ಈ ಕಾನೂನಿನ ಬಲವೂ ಇತ್ತು. ಆದರೆ ಆ ರಕ್ಷಣೆಯ ಪಟ್ಟಿಯಲ್ಲಿ 377 ಇರಲೇ ಇಲ್ಲ. ದೂರು ಕೊಟ್ಟ ಹುಡುಗನ ಹೆಸರು ಮುಚ್ಚಿಡುವುದೂ ಬಿಡುವುದೂ ಚಾನೆಲ್‌ನವರ ಮರ್ಜಿಗೆ ಬಿಟ್ಟದ್ದಾಗಿತ್ತು.

ಟೀ ಅಂಗಡಿಯ ಅಣ್ಣನಿಗೆ 'ಆಗುತ್ತೆ' ಅಂದೆ, ಕಾನೂನಿಗೆ ಅದು ಗೊತ್ತಿಲ್ಲ ಅಂತ ಹೇಳಲಿಲ್ಲ. ಇವತ್ತು ಅಂಥದ್ದೇ ದೂರು ಹಿಡಿದು ಒಬ್ಬ ಯುವಕ ನುಗ್ಗೇಹಳ್ಳಿ ಠಾಣೆಗೆ ಹೋದ ಅಂದುಕೊಳ್ಳಿ. ರೈಟರ್ ಸಜ್ಜನರೇ ಇರಲಿ, ಕೂರಿಸಿ ನೀರು ಕೊಡಲಿ. ಬರೆಯುವ ಹೊತ್ತಿಗೆ ಅವರಿಗೆ ಸಿಗುವುದು 115, ಹಲ್ಲೆ, 127, ಅಕ್ರಮ ಬಂಧನ, 351, ಬೆದರಿಕೆ. ಗದ್ದೆ ಬದುವಿನ ಜಗಳಕ್ಕೂ ಇವೇ ಸೆಕ್ಷನ್ ಹಾಕ್ತಾರೆ.