ತೋಳಿಗೆ ಸವರಿದ ಚೆಂಡು

2023ರ ಅಮೆರಿಕ ಓಪನ್ ಪುರುಷರ ಡಬಲ್ಸ್ ಫೈನಲ್. ಕೊಡಗಿನ ರೋಹನ್ ಬೋಪಣ್ಣ ಹೊಡೆದ ಚೆಂಡು ನೆಟ್ ದಾಟಿತು, ಅಂಪೈರ್ ಸುಮ್ಮನಿದ್ದರು. ಆದರೆ ಚೆಂಡು ತೋಳಿಗೆ ಸವರಿಕೊಂಡು ಹೋಗಿದ್ದು ಬೋಪಣ್ಣನವರಿಗೆ ಗೊತ್ತಿತ್ತು. ಮೈಗೆ ತಾಗಿದರೆ ಪಾಯಿಂಟ್ ಎದುರಾಳಿಯದು ಎಂಬುದು ನಿಯಮ. ತಾವಾಗಿಯೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಮೊದಲ ಸೆಟ್ 6–2ರಿಂದ ಗೆದ್ದಿದ್ದ ಬೋಪಣ್ಣ, ಎಬ್ಡೆನ್ ಜೋಡಿ ಕೊನೆಗೆ 3–6, 4–6ರಿಂದ ಸೋತಿತು. ಆಗ ಬೋಪಣ್ಣನವರಿಗೆ 43 ವರ್ಷ. ಅಂಥ ಇನ್ನೊಂದು ಫೈನಲ್ ಸಿಗುತ್ತದೆಂಬ ಖಾತ್ರಿ ಯಾರಿಗಿತ್ತು? ಸೋತವರು ನೆಟ್ ಬಳಿ ಬಂದು ಕೈಕುಲುಕುವುದನ್ನು ನಾವು ದೊಡ್ಡ ಗುಣ ಎನ್ನುತ್ತೇವೆ. ನನ್ನ ಮಟ್ಟಿಗೆ ಆ ಗುಣ ಹುಟ್ಟುವುದು ಅದಕ್ಕೂ ಮೊದಲೇ, ಗೆಲುವು ಇನ್ನೂ ಕೈಗೆಟಕುವಂತಿರುವಾಗ, ತನಗೊಬ್ಬನಿಗೇ ಗೊತ್ತಿರುವ ಸತ್ಯವನ್ನು ಬಾಯಿಬಿಟ್ಟು ಹೇಳುವ ಗಳಿಗೆಯಲ್ಲಿ.

1877ರಲ್ಲಿ ವಿಂಬಲ್ಡನ್ ಶುರುವಾದಾಗ ಟೆನಿಸ್ ಉಳ್ಳವರ ಆಟ. ಸೋತರೆ ಹೊಟ್ಟೆಪಾಡಿಗೆ ಧಕ್ಕೆ ಇರಲಿಲ್ಲ. ಹಾಗಾಗಿ ಈ ಸೌಜನ್ಯವೆಲ್ಲ ಬಿಡುವಿದ್ದವರ ಶೋಕಿ ಎಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ನಿಜವಿದೆ. ಆದರೆ 1935ರ ಡೇವಿಸ್ ಕಪ್‌ನಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಫಾನ್ ಕ್ರಾಮ್, ಮ್ಯಾಚ್ ಪಾಯಿಂಟ್ ಗೆದ್ದಂತಾದಾಗ, ಡಬಲ್ಸ್ ಜೊತೆಗಾರ ಹೊಡೆಯುವ ಮೊದಲೇ ಚೆಂಡು ತಮ್ಮ ರಾಕೆಟ್ಟಿಗೆ ಸೋಕಿತ್ತೆಂದು ಅಂಪೈರ್‌ಗೆ ಹೇಳಿದರು. ಜರ್ಮನಿ ಆ ಪಂದ್ಯ ಸೋತಿತು. ಹಿಟ್ಲರನ ಆಡಳಿತದಲ್ಲಿ ದೇಶದ ಪರ ಆಡುತ್ತಿದ್ದವನಿಗೆ ಅದು ಶೋಕಿಯ ಮಾತಾಗಿರಲು ಸಾಧ್ಯವಿಲ್ಲ. 1968ರಲ್ಲಿ ವೃತ್ತಿಪರರಿಗೆ ಬಾಗಿಲು ತೆರೆಯಿತು, ದುಡ್ಡು ಬಂತು, ಜೊತೆಗೆ ದಂಡಸಂಹಿತೆಯೂ ಬಂತು. 1990ರಲ್ಲಿ ಮೆಲ್ಬರ್ನ್‌ನಲ್ಲಿ ಆಟಗಾರ ಮೆಕೆನ್ರೋ ಅವರನ್ನು ಪಂದ್ಯದ ನಡುವೆಯೇ ಹೊರಹಾಕಿದ್ದು ಅದೇ ಸಂಹಿತೆ. ರಾಕೆಟ್ ಮುರಿದವನಿಗೆ ಅದು ದಂಡ ಹಾಕಬಲ್ಲದು. ಪಾಯಿಂಟ್ ಬಿಟ್ಟುಕೊಡು ಎಂದು ಯಾರಿಗೂ ಕಲಿಸಲಾರದು.

ಕಲಿಕೆ ಬೇರೆ ಕಡೆಯಿಂದ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಆನಂದಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಮಾತಿನ ಯಕ್ಷಗಾನವಾದ ತಾಳಮದ್ದಲೆ ಗೊತ್ತು. ವಾಲಿವಧೆಯಲ್ಲಿ ವಾಲಿ ಬೀಳುತ್ತಾನೆಂಬುದು ಕೂತವರಿಗೆಲ್ಲ ಮೊದಲೇ ತಿಳಿದಿದೆ. ಆದರೂ ಬಾಣ ನಾಟಿದ ಮೇಲೆ ವಾಲಿಯ ಅರ್ಥಧಾರಿ ರಾಮನನ್ನು ಹೇಗೆ ಕೇಳುತ್ತಾನೆ, ಯಾವ ಮಾತಿನಲ್ಲಿ ಒಪ್ಪಿಕೊಳ್ಳುತ್ತಾನೆ ಎಂದು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಾರೆ. ಸೋಲುವ ಪಾತ್ರಕ್ಕೂ ಇಲ್ಲಿ ಹೆಸರಿದೆ.

ಇದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಆಡಿದ್ದು ಕ್ರಿಕೆಟ್. 1980ರ ಫೆಬ್ರುವರಿ, ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಸ್ಲಿಪ್‌ನಲ್ಲಿದ್ದ ನಾಯಕ ವಿಶ್ವನಾಥ್ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅವರನ್ನು ವಾಪಸ್ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಕಟ್ಟಿದರು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಬೋಪಣ್ಣ ಬಿಟ್ಟುಕೊಟ್ಟದ್ದು ತಮ್ಮ ಜೋಡಿಯ ಪಾಯಿಂಟ್, ಇಡೀ ತಂಡದ್ದನ್ನು ಬಿಟ್ಟುಕೊಡಲು ನಾಯಕನಿಗೇನು ಹಕ್ಕು ಎಂಬ ಪ್ರಶ್ನೆ ಹಗುರದ್ದಲ್ಲ. ನಾನು ವಿಶ್ವನಾಥ್ ಪರವೇ ನಿಲ್ಲುತ್ತೇನೆ: ತಾಗದ ಚೆಂಡಿನ ವಿಕೆಟ್ ತಂಡಕ್ಕೆ ಸೇರಿದ್ದೇ ಅಲ್ಲ, ಇಲ್ಲದ್ದನ್ನು ಅವರು ಕೊಟ್ಟದ್ದೂ ಅಲ್ಲ.

ಈಗ ಯಂತ್ರಗಳಿವೆಯಲ್ಲ, ಆಟಗಾರನ ಪ್ರಾಮಾಣಿಕತೆ ಯಾಕೆ ಬೇಕು ಎನ್ನಬಹುದು. 2025ರಿಂದ ವಿಂಬಲ್ಡನ್‌ನಲ್ಲೂ ಗೆರೆ ಕಾಯುವ ಅಂಪೈರ್‌ಗಳಿಲ್ಲ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ, ಯಂತ್ರ ಕೂದಲೆಳೆಯಷ್ಟು ನಿಖರವಾಗಿ ಹೇಳುತ್ತದೆ. ನ್ಯೂಯಾರ್ಕ್‌ನಲ್ಲಿ ಆ ಚೆಂಡು ಸವರಿದ್ದು ಗೆರೆಯನ್ನಲ್ಲ, ತೋಳನ್ನು.